ತೌಡನ್ನು ಎಸೆಯಬೇಡಿ ಎಂದ ಸಿಲ್ವೆಸ್ಟರ್ ಗ್ರಹಾಂ
(1794 – 1851)

ಮಕ್ಕಳೇ, ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು ನಿಮಗೆಲ್ಲ ಗೊತ್ತಿರುವುದೇ. ಶಾಲೆಯ ತಿಂಡಿ ವೇಳೆಯಲ್ಲಿ ತಿಂದಿರುತ್ತೀರಿ, ಬೇಸಿಗೆ ಶಿಬಿರದಲ್ಲಿ ಬೆಂಕಿಯ ಸುತ್ತ ಕುಳಿತು ಅದರಿಂದ ಸ್ಮೋರ್ ಮಾಡಿಕೊಂಡಿರುತ್ತೀರಿ. ಆದರೆ ಈ ಗ್ರಹಾಂ ಎಂದರೆ ಯಾರು ಎಂದು ಎಂದಾದರೂ ಕೇಳಿದ್ದೀರಾ? ಅದು ಊರಿನ ಹೆಸರಲ್ಲ, ಕಂಪನಿಯ ಹೆಸರೂ ಅಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ನಮ್ಮ ನ್ಯೂಜೆರ್ಸಿಯಲ್ಲಿ ಬೋಧಕರಾಗಿದ್ದು, ನ್ಯೂಯಾರ್ಕಿನಲ್ಲಿ ಭಾಷಣ ಮಾಡಿ, ಜನರಿಂದ ನಗೆಪಾಟಲಿಗೆ ಈಡಾದರೂ ತಮ್ಮ ಮಾತನ್ನು ಬಿಡದ ಒಬ್ಬ ಮನುಷ್ಯನ ಹೆಸರು. ಅವರು ಹೇಳಿದ ಮುಖ್ಯ ಮಾತು ಇಷ್ಟೇ: ಗೋಧಿಯ ಮೇಲಿನ ತೌಡನ್ನು ಎಸೆಯಬೇಡಿ, ಇಡೀ ಕಾಳನ್ನು ತಿನ್ನಿ. ಇಂದು ನಮ್ಮ ವೈದ್ಯರು ನಾರಿನಂಶ ಹೆಚ್ಚಿಸಿಕೊಳ್ಳಿ ಎಂದು ಹೇಳುತ್ತಾರಲ್ಲವೇ, ಆ ಮಾತಿಗೆ ಈ ದೇಶದಲ್ಲಿ ಮೊದಲು ದನಿ ಕೊಟ್ಟವರಲ್ಲಿ ಅವರೂ ಒಬ್ಬರು.

ಕಷ್ಟದ ಬಾಲ್ಯ

ಸಿಲ್ವೆಸ್ಟರ್ ಗ್ರಹಾಂ ಹುಟ್ಟಿದ್ದು 1794ರ ಜುಲೈ 5ರಂದು, ಕನೆಕ್ಟಿಕಟ್ ರಾಜ್ಯದ ಸಫೀಲ್ಡ್ ಎಂಬ ಊರಿನಲ್ಲಿ. ಹದಿನೇಳು ಮಕ್ಕಳಿದ್ದ ದೊಡ್ಡ ಕುಟುಂಬ. ಅವರು ಹುಟ್ಟಿದಾಗ ಪಾದ್ರಿಯಾಗಿದ್ದ ತಂದೆಗೆ ಎಪ್ಪತ್ತರ ವಯಸ್ಸು. ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ತಾಯಿಗೆ ಮಾನಸಿಕ ಅಸ್ವಸ್ಥತೆ. ಹೀಗಾಗಿ ಬಾಲಕ ಸಿಲ್ವೆಸ್ಟರ್ ಇಂದು ಒಬ್ಬ ನೆಂಟರ ಮನೆ, ನಾಳೆ ಇನ್ನೊಬ್ಬ ನೆಂಟರ ಮನೆ ಎಂದು ಅಲೆಯುತ್ತಾ ಬೆಳೆಯಬೇಕಾಯಿತು.

ಆ ನೆಂಟರಲ್ಲಿ ಒಬ್ಬರು ಹೆಂಡದಂಗಡಿ ನಡೆಸುತ್ತಿದ್ದರು. ಬಾಲಕನನ್ನೂ ಅಲ್ಲಿ ಕೆಲಸಕ್ಕೆ ಹಚ್ಚಿದರು. ಕುಡಿದವರ ಅವಸ್ಥೆಯನ್ನು ಹತ್ತಿರದಿಂದ ನೋಡಿದ ಆ ಹುಡುಗ ಜೀವನಪೂರ್ತಿ ಮದ್ಯವನ್ನು ದ್ವೇಷಿಸಿದ. ಆರೋಗ್ಯವೂ ಅಷ್ಟಕ್ಕಷ್ಟೆ. ಪದೇ ಪದೇ ಕಾಯಿಲೆ ಬೀಳುತ್ತಿದ್ದುದರಿಂದ ಶಾಲೆ ತಪ್ಪುತ್ತಿತ್ತು. ಹೊಲದಲ್ಲಿ ಕೂಲಿ, ಕಸ ಗುಡಿಸುವ ಕೆಲಸ, ಶಾಲೆಯಲ್ಲಿ ಪಾಠ ಹೇಳುವುದು, ಹೀಗೆ ಸಿಕ್ಕಿದ ಕೆಲಸಗಳನ್ನೆಲ್ಲ ಮಾಡಿದರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅಂದರೆ 1823ರಲ್ಲಿ, ತಂದೆ ಮತ್ತು ತಾತನಂತೆ ತಾವೂ ಪಾದ್ರಿಯಾಗಬೇಕೆಂದು ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಅಕಾಡೆಮಿಗೆ ಸೇರಿದರು. ತಮಗಿಂತ ಎಷ್ಟೋ ಚಿಕ್ಕವರಾದ ಸಹಪಾಠಿಗಳು ಅವರ ನಾಟಕೀಯ ಮಾತಿನ ರೀತಿಯನ್ನು ಹಾಸ್ಯ ಮಾಡಿದರು, ಅವರ ಮೇಲೆ ಅಪವಾದ ಹೊರಿಸಿದರು. ಒಂದೇ ವರ್ಷದಲ್ಲಿ ಶಾಲೆ ಬಿಡಬೇಕಾಯಿತು. ಮನಸ್ಸು ಕುಸಿದು ಹಾಸಿಗೆ ಹಿಡಿದರು. ರೋಡ್ ಐಲೆಂಡ್‌ನಲ್ಲಿ ತಮ್ಮ ಶುಶ್ರೂಷೆ ಮಾಡಿದ ಮಹಿಳೆಯನ್ನೇ ಮದುವೆಯಾದರು. ಆನಂತರ ಮನೆಯಲ್ಲೇ ಓದಿಕೊಂಡು ಧರ್ಮಶಾಸ್ತ್ರ ಕಲಿತರು.

ಬೌಂಡ್ ಬ್ರೂಕ್‌ನ ಬೋಧಕರು

1828ರಲ್ಲಿ ಗ್ರಹಾಂ ಅವರು ನ್ಯೂಜೆರ್ಸಿಯ ಬೌಂಡ್ ಬ್ರೂಕ್‌ನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಸಂಚಾರಿ ಬೋಧಕರಾಗಿ ಕೆಲಸ ಆರಂಭಿಸಿದರು. ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬರುವ ನಮಗೆಲ್ಲ ಬೌಂಡ್ ಬ್ರೂಕ್ ಪಕ್ಕದ ಊರು. ರಾರಿಟನ್ ನದಿಯ ದಡದ ಆ ಊರಿನಿಂದಲೇ ಅವರ ಸಾರ್ವಜನಿಕ ಜೀವನ ಶುರುವಾಯಿತು.

1830ರಲ್ಲಿ ಫಿಲಡೆಲ್ಫಿಯಾದ ಮದ್ಯಪಾನ ವಿರೋಧಿ ಸಂಘವೊಂದು ಅವರನ್ನು ಭಾಷಣಕಾರರಾಗಿ ಕರೆಸಿಕೊಂಡಿತು. ಅಲ್ಲಿ ಅವರಿಗೆ ಮಾಂಸಾಹಾರವನ್ನು ಬಿಟ್ಟಿದ್ದ ಕೆಲವು ಕ್ರೈಸ್ತರ ಪರಿಚಯವಾಯಿತು. ಶರೀರಶಾಸ್ತ್ರದ ಪುಸ್ತಕಗಳನ್ನೂ ಓದಿದರು. ಮನುಷ್ಯ ಕೆಡುವುದು ಕುಡಿತದಿಂದ ಮಾತ್ರವಲ್ಲ, ತಟ್ಟೆಯಲ್ಲಿರುವ ಊಟದಿಂದಲೂ ಕೆಡುತ್ತಾನೆ ಎಂಬ ನಂಬಿಕೆ ಅವರಲ್ಲಿ ಬಲಿಯಿತು. ಆರೇ ತಿಂಗಳಲ್ಲಿ ಆ ಕೆಲಸವನ್ನು ಬಿಟ್ಟು, ಊರೂರು ತಿರುಗಿ ಆರೋಗ್ಯದ ಬಗ್ಗೆ ಭಾಷಣ ಮಾಡತೊಡಗಿದರು.

ಬಿಳಿ ಬ್ರೆಡ್ಡಿನ ಕಾಲ

ಅವರ ಮಾತು ಅರ್ಥವಾಗಬೇಕಾದರೆ ಆ ಕಾಲದ ಊಟ ಹೇಗಿತ್ತು ಎಂದು ತಿಳಿಯಬೇಕು. 1825ರಲ್ಲಿ ಈರಿ ಕಾಲುವೆ ತೆರೆಯಿತು. ನ್ಯೂಯಾರ್ಕ್ ರಾಜ್ಯದ ಒಳನಾಡಿನ ಗೋಧಿ ಹಿಟ್ಟು ದೋಣಿಗಳಲ್ಲಿ ನಗರಕ್ಕೆ ಅಗ್ಗವಾಗಿ ಬರತೊಡಗಿತು. ರಾಚೆಸ್ಟರ್ ನಗರವಂತೂ ಹಿಟ್ಟಿನ ನಗರ ಎಂದೇ ಹೆಸರಾಯಿತು. ಹಳ್ಳಿ ಬಿಟ್ಟು ನಗರಕ್ಕೆ ಬಂದ ಜನರು ಮನೆಯಲ್ಲಿ ಬ್ರೆಡ್ ಮಾಡುವುದನ್ನು ಬಿಟ್ಟು ಬೇಕರಿಯಿಂದ ಕೊಳ್ಳಲು ಆರಂಭಿಸಿದರು. ಬ್ರೆಡ್ ಎಷ್ಟು ಬೆಳ್ಳಗಿದ್ದರೆ ಅಷ್ಟು ಅಂತಸ್ತು. ಬೆಳ್ಳಗಾಗಲೆಂದು ಬೇಕರಿಯವರು ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತೌಡನ್ನೆಲ್ಲ ತೆಗೆಯುತ್ತಿದ್ದರು. ಕೆಲವರು ಪಟಿಕ, ಸೀಮೆಸುಣ್ಣದಂಥ ವಸ್ತುಗಳನ್ನು ಬೆರೆಸುವುದೂ ಇತ್ತು. ಇದರ ಜೊತೆಗೆ ಉಪ್ಪು ಹಚ್ಚಿದ ಹಂದಿಮಾಂಸ ಮತ್ತು ಮದ್ಯ. ತರಕಾರಿ ಕಡಿಮೆ, ಹಣ್ಣು ಇನ್ನೂ ಕಡಿಮೆ. ಅಜೀರ್ಣ ಮತ್ತು ಮಲಬದ್ಧತೆ ಮನೆಮನೆಯ ಕಾಯಿಲೆಯಾಗಿತ್ತು.

ಗೋಧಿ ಕಾಳಿನ ಮೂರು ಭಾಗಗಳನ್ನು ನೆನಪಿಡಿ. ಹೊರಗಿನ ಸಿಪ್ಪೆಯೇ ತೌಡು. ಒಳಗೆ ಒಂದು ಮೂಲೆಯಲ್ಲಿ ಮೊಳಕೆಯ ಭಾಗ. ಉಳಿದ ದೊಡ್ಡ ಭಾಗ ಬಿಳಿಯ ಪಿಷ್ಟ, ಸುಮಾರು ನೂರಕ್ಕೆ ಎಂಬತ್ತಮೂರರಷ್ಟು. ಮೈದಾ ಎಂದರೆ ಈ ಬಿಳಿಯ ಭಾಗ ಮಾತ್ರ. ಕಾಳಿನ ನಾರಿನ ಬಹುಪಾಲು ಇರುವುದು ತೌಡಿನಲ್ಲಿ. ಅದನ್ನು ತೆಗೆದು ದನಕ್ಕೆ ಹಾಕಿ, ಮನುಷ್ಯರು ಬಿಳಿಯದನ್ನು ತಿನ್ನುತ್ತಿದ್ದರು. ಗ್ರಹಾಂ ಇದನ್ನೇ ವಿರೋಧಿಸಿದರು. ಪ್ರಕೃತಿ ಒಟ್ಟಿಗೆ ಕೊಟ್ಟದ್ದನ್ನು ಮನುಷ್ಯ ಬೇರೆ ಮಾಡಬಾರದು, ಕರುಳಿಗೆ ಕೆಲಸ ಕೊಡಲು ಊಟದಲ್ಲಿ ತೌಡಿನಂಥ ಒರಟು ಭಾಗ ಇರಲೇಬೇಕು ಎಂಬುದು ಅವರ ವಾದ. ನಮ್ಮ ಕಡೆ ಬೂಸಾ ತಿನ್ನುವುದು ಹಸು ಎಂದು ನಾವು ಹೇಳುವ ಹಾಗೆಯೇ, ಈ ಬೂಸಾ ಬ್ರೆಡ್ಡಿನ ಮನುಷ್ಯನನ್ನು ಕಂಡು ಅಂದಿನ ಜನ ನಕ್ಕರು. ಪತ್ರಿಕೆಗಳೂ ಲೇವಡಿ ಮಾಡಿದವು.

ಕಾಲರಾ ಬಂದ ವರ್ಷ

1832ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಕಾಲರಾ ಬಂತು. ಸುಮಾರು ಎರಡೂವರೆ ಲಕ್ಷ ಜನಸಂಖ್ಯೆಯ ನಗರದಲ್ಲಿ ಮೂರೂವರೆ ಸಾವಿರದಷ್ಟು ಜನ ಸತ್ತರು. ಹಣ್ಣು ತರಕಾರಿ ಮುಟ್ಟಬೇಡಿ ಎಂದು ಅಂದಿನ ಅನೇಕ ವೈದ್ಯರು ಹೇಳುತ್ತಿದ್ದರು. ಬ್ರಾಂದಿ ಕುಡಿದರೆ ಒಳ್ಳೆಯದು ಎಂದವರೂ ಇದ್ದರು. ಗ್ರಹಾಂ ಮಾತ್ರ ಇದಕ್ಕೆ ವಿರುದ್ಧವಾಗಿ, ಮದ್ಯ ಮತ್ತು ಮಾಂಸವನ್ನು ಬಿಟ್ಟು ಇಡೀ ಗೋಧಿಯ ಬ್ರೆಡ್, ತರಕಾರಿ, ಹಣ್ಣು ತಿನ್ನಿ ಎಂದು ಹೇಳಿದರು. ಭಯಗೊಂಡಿದ್ದ ಜನ ಅವರ ಭಾಷಣಕ್ಕೆ ಮುಗಿಬಿದ್ದರು. ಅವರ ಹೆಸರು ಎಲ್ಲೆಡೆ ಹರಡಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆಹಾರದಿಂದ ಕಾಲರಾ ತಡೆಯಬಹುದೆಂಬ ಗ್ರಹಾಂ ಅವರ ನಂಬಿಕೆ ತಪ್ಪು. ಕಾಲರಾ ಕಲುಷಿತ ನೀರಿನಿಂದ ಬರುತ್ತದೆ ಎಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಒಂದು ಬಾವಿಯ ಪಂಪಿನ ಸುತ್ತಲಿನ ಸಾವುಗಳನ್ನು ಲೆಕ್ಕಹಾಕಿ ತೋರಿಸಿಕೊಟ್ಟರು. ಗ್ರಹಾಂ ಆಗ ಬದುಕಿರಲಿಲ್ಲ.

ಗ್ರಹಾಂ ಮನೆಗಳು

ನ್ಯೂಯಾರ್ಕ್ ಮತ್ತು ಬಾಸ್ಟನ್‌ನಲ್ಲಿ ಅವರ ನಿಯಮಗಳಂತೆ ನಡೆಯುವ ವಸತಿಗೃಹಗಳು ಆರಂಭವಾದವು. ನ್ಯೂಯಾರ್ಕಿನಲ್ಲಿ ಇಂಥ ಮನೆಯನ್ನು ನಡೆಸಿದವರು ಅಸೆನಾತ್ ನಿಕಲ್ಸನ್ ಎಂಬ ಮಹಿಳೆ. ಅಲ್ಲಿನ ಕಟ್ಟುಪಾಡುಗಳು ನಮ್ಮ ಅಜ್ಜಿಯರ ಕಟ್ಟುಪಾಡುಗಳನ್ನೂ ಮೀರಿಸುವಂತಿದ್ದವು. ಮಾಂಸ, ಮದ್ಯ, ಚಹಾ, ಕಾಫಿ ಯಾವುದೂ ಇಲ್ಲ. ಗಟ್ಟಿ ಹಾಸಿಗೆಯ ಮೇಲೆ ಮಲಗಬೇಕು, ಕಿಟಕಿ ತೆರೆದಿಡಬೇಕು, ತಣ್ಣೀರಿನಲ್ಲಿ ಸ್ನಾನ ಮಾಡಬೇಕು, ದಿನವೂ ವ್ಯಾಯಾಮ ಮಾಡಬೇಕು. ಊಟಗಳ ನಡುವೆ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಚೆನ್ನಾಗಿ ಅಗಿದು ನಿಧಾನವಾಗಿ ತಿನ್ನಬೇಕು. ಮೆಣಸು, ಸಾಸಿವೆ ಮುಂತಾದ ಮಸಾಲೆಗಳೂ ನಿಷಿದ್ಧ. ನಮ್ಮ ಬಿಸಿಬೇಳೆ ಭಾತನ್ನು ಕಂಡಿದ್ದರೆ ಅವರು ಖಂಡಿತ ಹೌಹಾರುತ್ತಿದ್ದರು!

ಮುಂದೆ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯನ್ನು ಸ್ಥಾಪಿಸಿ ಪ್ರಸಿದ್ಧರಾದ ಹೊರೇಸ್ ಗ್ರೀಲಿ ಇಂಥ ಒಂದು ಮನೆಯಲ್ಲಿ ವಾಸವಾಗಿದ್ದರು. ಅವರಿಗೆ ತಮ್ಮ ಮಡದಿಯಾಗಲಿದ್ದವರ ಪರಿಚಯವಾದದ್ದೂ ಅಲ್ಲಿಯೇ. ಓಹಾಯೋದ ಓಬರ್ಲಿನ್ ಕಾಲೇಜು ಕೂಡ ಕೆಲಕಾಲ ವಿದ್ಯಾರ್ಥಿಗಳಿಗೆ ಗ್ರಹಾಂ ಊಟವನ್ನೇ ಹಾಕಿತು. ವಿದ್ಯಾರ್ಥಿಗಳೂ ಊರಿನವರೂ ಗೊಣಗಿದ್ದರಿಂದ 1841ರಲ್ಲಿ ಆ ಪ್ರಯೋಗ ಕೈಬಿಟ್ಟಿತು. ಬಲವಂತದಿಂದ ಯಾರಿಗೂ ಒಳ್ಳೆಯ ಊಟ ಮಾಡಿಸಲಾಗದು ಎಂಬ ಪಾಠ ಪೋಷಕರಾದ ನಮಗೆ ಇದರಲ್ಲಿದೆ.

ಬ್ರೆಡ್ಡಿನ ಪುಸ್ತಕ ಮತ್ತು ಬಾಸ್ಟನ್ ಗಲಾಟೆ

1837ರಲ್ಲಿ ಗ್ರಹಾಂ ಅವರು ಬ್ರೆಡ್ ಮತ್ತು ಬ್ರೆಡ್ ಮಾಡುವ ವಿಧಾನದ ಬಗ್ಗೆ ಒಂದು ಪುಸ್ತಕವನ್ನು ಪ್ರಕಟಿಸಿದರು. ಗೋಧಿಯನ್ನು ಚೆನ್ನಾಗಿ ತೊಳೆದು, ತರಿಯಾಗಿ ಬೀಸಿ, ಜರಡಿ ಹಿಡಿಯದೆ ಬಳಸಬೇಕು, ಮನೆಯವರ ಆರೋಗ್ಯದ ಮೇಲೆ ಕಾಳಜಿಯುಳ್ಳ ತಾಯಿಯೇ ಅದನ್ನು ಮಾಡಬೇಕು ಎಂದು ಅವರು ಬರೆದರು. ಅಡುಗೆ ತಾಯಿಯೊಬ್ಬಳದೇ ಹೊಣೆ ಎಂಬುದನ್ನು ಇಂದು ನಾವು ಒಪ್ಪುವುದಿಲ್ಲ. ಆದರೆ ಹಿಟ್ಟಿನ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು.

ಮನೆಯಲ್ಲೇ ಬ್ರೆಡ್ ಮಾಡಿದರೆ ಬೇಕರಿಯವರ ಗತಿ ಏನು? ಮಾಂಸ ಬಿಟ್ಟರೆ ಕಟುಕರ ಗತಿ ಏನು? ಅದೇ ವರ್ಷ ಬಾಸ್ಟನ್‌ನಲ್ಲಿ ಅವರು ಭಾಷಣಕ್ಕೆ ಬಂದಾಗ ಕಟುಕರೂ ಬೇಕರಿಯವರೂ ಗುಂಪುಗೂಡಿ ದೊಂಬಿಗೆ ಮುಂದಾದರು. ಗ್ರಹಾಂ ಅನುಯಾಯಿಗಳು ಕಟ್ಟಡದ ಮೇಲಿನ ಕಿಟಕಿಗಳಿಂದ ಸುಣ್ಣ ಸುರಿದು ಗುಂಪನ್ನು ಚದುರಿಸಿದರು ಎಂದು ಹೇಳುತ್ತಾರೆ. ಒಂದು ತುಂಡು ಬ್ರೆಡ್ಡಿನ ಬಣ್ಣಕ್ಕಾಗಿ ಇಷ್ಟೆಲ್ಲ ನಡೆಯಿತು!

1839ರಲ್ಲಿ ಮಾನವ ಜೀವನ ವಿಜ್ಞಾನದ ಬಗ್ಗೆ ತಮ್ಮ ಉಪನ್ಯಾಸಗಳನ್ನು ಎರಡು ಸಂಪುಟಗಳಲ್ಲಿ ಹೊರತಂದರು. 1850ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಸಸ್ಯಾಹಾರಿಗಳ ಸಂಘ ಸ್ಥಾಪನೆಯಾದಾಗ ಅದನ್ನು ಕಟ್ಟಿದವರಲ್ಲಿ ಗ್ರಹಾಂ ಅವರೂ ಇದ್ದರು.

ಕೊನೆಯ ದಿನಗಳು

ಅವರು ತಮ್ಮ ಕೊನೆಯ ವರ್ಷಗಳನ್ನು ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿ ಕಳೆದರು. ಆರೋಗ್ಯ ಕೆಟ್ಟಿತ್ತು. ವೈದ್ಯರ ಸಲಹೆಯಂತೆ ಅವರು ಮಾಂಸವನ್ನೂ ತಿಂದರು. ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರೆಂದು ಅವರನ್ನು ಕಂಡ ಸ್ನೇಹಿತರೊಬ್ಬರು ಬರೆದಿದ್ದಾರೆ. 1851ರ ಸೆಪ್ಟೆಂಬರ್ 11ರಂದು, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ದೀರ್ಘಾಯುಷ್ಯದ ದಾರಿ ಹೇಳಿದವನು ಇಷ್ಟು ಬೇಗ ಹೋದನಲ್ಲ ಎಂದು ಮತ್ತೆ ನಕ್ಕವರಿದ್ದರು. ಆದರೆ ಬಾಲ್ಯದಿಂದಲೂ ರೋಗಿಯಾಗಿದ್ದ ಒಬ್ಬರ ಆಯುಷ್ಯದಿಂದ ಅವರ ಮಾತಿನ ಸರಿತಪ್ಪನ್ನು ಅಳೆಯಲಾಗದು.

ಹೆಸರು ಉಳಿಯಿತು, ತೌಡು ಹೋಯಿತು

ಗ್ರಹಾಂ ಅವರು ಯಾವ ಬಿಸ್ಕತ್ತನ್ನೂ ಮಾರಲಿಲ್ಲ. ತಮ್ಮ ಹೆಸರಿನ ಹಿಟ್ಟಿನಿಂದ ಒಂದು ಕಾಸನ್ನೂ ಪಡೆಯಲಿಲ್ಲ. ಜನರೇ ಇಡೀ ಗೋಧಿಯ ಹಿಟ್ಟಿಗೆ ಗ್ರಹಾಂ ಹಿಟ್ಟು ಎಂದು ಹೆಸರಿಟ್ಟರು. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು ಈ ಹಿಟ್ಟನ್ನು ಸುಟ್ಟು ಪುಡಿಮಾಡಿ ಗ್ರಾನುಲಾ ಎಂಬ ತಿಂಡಿ ಮಾಡಿದರು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯೆಲ್ಲ ನೆನೆಸಿಟ್ಟು ಬೆಳಗ್ಗೆ ತಿನ್ನಬೇಕಿತ್ತು. ನೀವು ಇಂದು ಬೆಳಗ್ಗೆ ತಿನ್ನುವ ಡಬ್ಬಿಯ ಸೀರಿಯಲ್‌ಗಳ ಪೂರ್ವಜ ಅದೇ.

1898ರಲ್ಲಿ ನ್ಯಾಷನಲ್ ಬಿಸ್ಕಿಟ್ ಕಂಪನಿ, ಅಂದರೆ ಇಂದಿನ ನಬಿಸ್ಕೋ, ಗ್ರಹಾಂ ಕ್ರ್ಯಾಕರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಮ್ಯಾನ್‌ಹಾಟನ್‌ನಲ್ಲಿ ನೀವು ನೋಡಿರುವ ಚೆಲ್ಸಿ ಮಾರ್ಕೆಟ್ ಕಟ್ಟಡ ಹಿಂದೆ ಆ ಕಂಪನಿಯ ಬೇಕರಿಯಾಗಿತ್ತು. ನ್ಯೂಜೆರ್ಸಿಯ ಫೇರ್ ಲಾನ್‌ನಲ್ಲಿಯೂ ಅದರ ಕಾರ್ಖಾನೆ 2021ರವರೆಗೆ ಇತ್ತು. ರೂಟ್ 208ರಲ್ಲಿ ಹೋಗುವಾಗ ಬಿಸ್ಕತ್ತಿನ ಘಮ ಕಾರಿನೊಳಗೆ ಬರುತ್ತಿದ್ದುದನ್ನು ಎಷ್ಟೋ ಪೋಷಕರು ಬಲ್ಲರು. 1925ರಲ್ಲಿ ಜೇನು ಸೇರಿಸಿದ ಹನಿ ಮೇಡ್ ಬಂತು. ಹೀಗೆ ಸಕ್ಕರೆ ಬಂತು, ಎಣ್ಣೆ ಬಂತು, ಬಿಳಿ ಹಿಟ್ಟೂ ಬಂತು. ಇಂದು ಅನೇಕ ಗ್ರಹಾಂ ಕ್ರ್ಯಾಕರ್ ಪೊಟ್ಟಣಗಳ ಹಿಂಬದಿಯಲ್ಲಿ ಮೊದಲು ಬರೆದಿರುವುದು ಬಿಳಿ ಹಿಟ್ಟಿನ ಹೆಸರೇ. ಯಾವುದರ ವಿರುದ್ಧ ಜೀವನವಿಡೀ ಹೋರಾಡಿದರೋ ಅದರ ಮೇಲೆಯೇ ಅವರ ಹೆಸರು ಅಚ್ಚಾಗಿದೆ.

ವಿಜ್ಞಾನ ಏನು ಹೇಳುತ್ತದೆ?

ಗ್ರಹಾಂ ಅವರಿಗೆ ನಾರಿನಂಶ ಎಂಬ ಪದವೇ ಗೊತ್ತಿರಲಿಲ್ಲ. ಆ ಅರ್ಥದ ಇಂಗ್ಲಿಷ್ ಪದ ಬಳಕೆಗೆ ಬಂದದ್ದು 1953ರಲ್ಲಿ. ಆಫ್ರಿಕಾದ ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ (1911–1993) ಅಲ್ಲಿನ ಹಳ್ಳಿಗರಲ್ಲಿ ಮಲಬದ್ಧತೆಯೂ ಕರುಳಿನ ಕೆಲವು ಕಾಯಿಲೆಗಳೂ ಅಪರೂಪ ಎಂದು ಗಮನಿಸಿ, ನಾರಿರುವ ಊಟವೇ ಅದಕ್ಕೆ ಕಾರಣವಿರಬೇಕೆಂದು 1970ರ ದಶಕದಲ್ಲಿ ಜಗತ್ತಿಗೆ ಸಾರಿದರು. ಆಮೇಲೆ ವೈದ್ಯಲೋಕ ತೌಡಿನ ಕಡೆಗೆ ಗಂಭೀರವಾಗಿ ನೋಡಿತು.

ನಾರು ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಅದೇ ಅದರ ಗುಣ. ತೌಡಿನಲ್ಲಿರುವಂಥ ಕರಗದ ನಾರು ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸಿ ಮುಂದೆ ತಳ್ಳುತ್ತದೆ. ಓಟ್ಸ್, ಕಾಳು, ಹಣ್ಣುಗಳಲ್ಲಿರುವ ಕರಗುವ ನಾರು ಲೋಳೆಯಂತಾಗಿ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ, ಕೊಲೆಸ್ಟರಾಲನ್ನೂ ಇಳಿಸುತ್ತದೆ. ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ನಾರೇ ಊಟ. ಐವತ್ತು ವರ್ಷದೊಳಗಿನ ಮಹಿಳೆಯರಿಗೆ ದಿನಕ್ಕೆ 25 ಗ್ರಾಂ, ಪುರುಷರಿಗೆ 38 ಗ್ರಾಂ ನಾರು ಬೇಕೆಂದು ಇಲ್ಲಿನ ತಜ್ಞರು ಹೇಳುತ್ತಾರೆ. ಅಮೆರಿಕನ್ನರಿಗೆ ಸರಾಸರಿ ಸಿಗುವುದು ಅದರ ಅರ್ಧದಷ್ಟು. ಮಕ್ಕಳಿಗೊಂದು ಸುಲಭದ ಲೆಕ್ಕವಿದೆ: ನಿಮ್ಮ ವಯಸ್ಸಿಗೆ 5 ಕೂಡಿಸಿ. ಎಂಟು ವರ್ಷದವರಿಗೆ ಕನಿಷ್ಠ 13 ಗ್ರಾಂ.

ನಮ್ಮ ಅಡುಗೆಮನೆಯಲ್ಲಿ

ಗ್ರಹಾಂ ಊರೂರು ತಿರುಗಿ ಸಾರುತ್ತಿದ್ದ ಕಾಲಕ್ಕೆ ನಮ್ಮ ನಾಡಿನ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಪದ ಹಾಡುತ್ತಾ ರಾಗಿ ಜೋಳ ಬೀಸುತ್ತಿದ್ದರು. ರಾಗಿ ಕಾಳು ಬಹಳ ಸಣ್ಣದು, ಅದರ ಸಿಪ್ಪೆಯನ್ನು ಸುಲಭವಾಗಿ ಬೇರ್ಪಡಿಸಲಾಗದು. ಆದ್ದರಿಂದ ಸಿಪ್ಪೆಸಹಿತವೇ ಹಿಟ್ಟಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿಯೂ ಇಡೀ ಗೋಧಿ ಹಿಟ್ಟಿನಲ್ಲಿಯೂ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ 10 ಗ್ರಾಂ, ತೊಗರಿಬೇಳೆಯಲ್ಲಿ 9 ಗ್ರಾಂ. ಮೈದಾದಲ್ಲಿ ಮತ್ತು ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಹೀರೇಕಾಯಿ ಸಿಪ್ಪೆಯನ್ನೂ ಎಸೆಯದೆ ಚಟ್ನಿ ಮಾಡಿದವರು ನಮ್ಮವರು. ಸೊಪ್ಪಿನ ಬಸ್ಸಾರು, ಹೆಸರುಬೇಳೆ ಕೋಸಂಬರಿ, ಬಾಳೆದಿಂಡಿನ ಪಲ್ಯ, ಕಾಳಿನ ಉಸಲಿ, ಇವೆಲ್ಲ ನಾರಿನ ಭಂಡಾರ. ಗಾಂಧೀಜಿಯವರೂ ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಒಂದು ಕೈಗಿರಣಿಯನ್ನು ಕೊಂಡು ಮನೆಯಲ್ಲೇ ಗೋಧಿ ಬೀಸಿ ಬ್ರೆಡ್ ಮಾಡಿಸುತ್ತಿದ್ದರು.

ಪೋಷಕರೇ, ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಬೆಳಗ್ಗೆ ಬಿಳಿ ಬ್ರೆಡ್, ಮಧ್ಯಾಹ್ನ ಪಿಜ್ಜಾ, ರಾತ್ರಿ ಬಿಳಿ ಅನ್ನ ಎಂಬಂತಾಗಿದೆ. ಮಕ್ಕಳು ಹೊಟ್ಟೆನೋವು ಎಂದು ಅಳುವುದಕ್ಕೆ ಎಷ್ಟೋ ಸಲ ಮಲಬದ್ಧತೆಯೇ ಕಾರಣ. ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ರಾಗಿ ಹಿಟ್ಟು, ಜೋಳದ ಹಿಟ್ಟು ಎಲ್ಲವೂ ಸಿಗುತ್ತದೆ. ಆದರೆ ಒಮ್ಮೆಲೇ ಬದಲಾಯಿಸಬೇಡಿ. ನಾರನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಜೊತೆಗೆ ನೀರು ಚೆನ್ನಾಗಿ ಕುಡಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ತೊಂದರೆ ಮುಂದುವರಿದರೆ ವೈದ್ಯರಿಗೆ ತೋರಿಸಿ.

ಮಕ್ಕಳೇ, ಶಾಲೆಯಲ್ಲಿ ಡಬ್ಬಿ ತೆರೆದಾಗ ಕಂದು ಬಣ್ಣದ ರೊಟ್ಟಿಯನ್ನೋ ರಾಗಿ ದೋಸೆಯನ್ನೋ ಕಂಡು ಯಾರಾದರೂ ಮೂಗು ಮುರಿದರೆ ನಾಚಿಕೊಳ್ಳಬೇಡಿ. ಕಂದು ಬ್ರೆಡ್ ತಿನ್ನಿ ಎಂದು ಇದೇ ನೆಲದಲ್ಲಿ ಹೇಳಿದವರನ್ನೂ ಜನ ಹೀಗೆಯೇ ನಕ್ಕಿದ್ದರು. ಗ್ರಹಾಂ ಅವರ ಎಲ್ಲ ಮಾತೂ ಸರಿಯಾಗಿರಲಿಲ್ಲ. ಮಸಾಲೆಯ ಬಗ್ಗೆ, ಕಾಲರಾದ ಬಗ್ಗೆ ಅವರು ತಪ್ಪಿದ್ದರು. ತೌಡಿನ ಬಗ್ಗೆ ಹೇಳಿದ್ದು ಮಾತ್ರ ಕಾಲದ ಪರೀಕ್ಷೆಯಲ್ಲಿ ಗೆದ್ದಿತು. ಯಾರ ಮಾತನ್ನೇ ಆಗಲಿ ಜರಡಿ ಹಿಡಿದು ಸರಿಯಾದದ್ದನ್ನು ಇಟ್ಟುಕೊಳ್ಳೋಣ, ಆದರೆ ಹಿಟ್ಟನ್ನು ಮಾತ್ರ ಜರಡಿ ಹಿಡಿಯದೇ ತಿನ್ನೋಣ.

ಮನೆಯಲ್ಲಿ ಮಾಡಿ ನೋಡಿ
1. ಮನೆಯಲ್ಲಿರುವ ಮೂರು ಪೊಟ್ಟಣಗಳನ್ನು ತಿರುಗಿಸಿ, ಒಂದು ಸಲದ ಪ್ರಮಾಣದಲ್ಲಿ ಎಷ್ಟು ಗ್ರಾಂ ನಾರಿದೆ ಎಂದು ಕನ್ನಡದಲ್ಲಿ ಬರೆಯಿರಿ.
2. ಅಜ್ಜಿ ತಾತನಿಗೆ ಫೋನ್ ಮಾಡಿ, ಅವರು ಚಿಕ್ಕವರಿದ್ದಾಗ ಬೆಳಗ್ಗೆ ಏನು ತಿನ್ನುತ್ತಿದ್ದರು ಎಂದು ಕೇಳಿ.

ಪದಗಳ ಅರ್ಥ
ತೌಡು – ಕಾಳಿನ ಮೇಲಿನ ಸಿಪ್ಪೆಯ ಪುಡಿ
ಬೂಸಾ – ದನಗಳಿಗೆ ಹಾಕುವ ಗೋಧಿ ತೌಡು
ಜರಡಿ – ಹಿಟ್ಟು ಸೋಸುವ ಸಾಧನ
ಮಲಬದ್ಧತೆ – ಹೊಟ್ಟೆ ಸಲೀಸಾಗಿ ಹೋಗದಿರುವುದು
ಲೇವಡಿ – ಅಪಹಾಸ್ಯ
ಪಟಿಕ – ನೀರು ತಿಳಿಯಾಗಿಸಲು ಬಳಸುವ ಒಂದು ಲವಣ